ಮೆಣಸಿನ ನೀರು, ಗಾಜಿನ ಮಣಿ: ಹಾಲೆಂಡಿನ ಹಳೆಯ ಊರುಗಳಲ್ಲಿ ಒಂದು ಸುತ್ತು

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರಿಗೆ ಡಚ್ ಹೆಸರುಗಳು ಹೊಸದಲ್ಲ. ಬೆಳಕಿನ ವಕ್ರೀಭವನಕ್ಕೆ ಬಂದರೆ ಸ್ನೆಲ್, ತರಂಗಕ್ಕೆ ಬಂದರೆ ಹೈಗನ್ಸ್, ಸೂಕ್ಷ್ಮಜೀವಿಗಳಿಗೆ ಬಂದರೆ ಲೀವನ್‌ಹುಕ್. ಒಬ್ಬೊಬ್ಬರು ಒಂದೊಂದು ಅಧ್ಯಾಯದಲ್ಲಿ ಬಂದು ಹೋಗುವುದರಿಂದ ಇವರೆಲ್ಲ ಒಂದೇ ಶತಮಾನದವರು (17ನೆಯದು), ಇವರ ಊರುಗಳ ನಡುವೆ ಈಗ ರೈಲಿನಲ್ಲಿ ಅರ್ಧ ಗಂಟೆಯ ದಾರಿ ಅನ್ನುವುದು ಮಕ್ಕಳ ಗಮನಕ್ಕೆ ಬರುವುದೇ ಇಲ್ಲ. ಅದೇ ನೂರು ವರ್ಷದಲ್ಲಿ, ಅದೇ ಊರುಗಳಲ್ಲಿ ರೆಂಬ್ರಾಂಟ್, ವರ್ಮೀರ್ ಚಿತ್ರ ಬರೆದರು, ತತ್ವಜ್ಞಾನಿ ಸ್ಪಿನೋಜಾ ತನ್ನ ಗ್ರಂಥ ಬರೆದ. ಇಷ್ಟು ಸಣ್ಣ, ಒದ್ದೆ ನೆಲದಲ್ಲಿ ಇದೆಲ್ಲ ಒಟ್ಟಿಗೆ ಹೇಗಾಯಿತು ಎಂದು ನೋಡಿಬರುವ ಆಸೆ ನನಗೆ ಬಹಳ ದಿನದಿಂದ ಇತ್ತು.

ತಂಗಿ ಇರುವುದು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ. ಅವಳ ಮಗಳು ಪುಟ್ಟಿ ಓದುವುದು ಡಚ್ ಶಾಲೆಯಲ್ಲಿ, ಮನೆಯಲ್ಲಿ ಮಾತಾಡುವುದು ಕನ್ನಡ. ಅಕ್ಟೋಬರ್ ರಜೆಯಲ್ಲಿ ಅವಳನ್ನೇ ಕರೆದುಕೊಂಡು ಹೊರಟೆ. ಗೋಡೆ ಬರಹ, ಕಲ್ಲಿನ ಬರಹ ಎಲ್ಲ ಓದಿ ಹೇಳುವ ಕೆಲಸ ಅವಳದು.

ಮಂಗಳವಾರ – ಲೈಡನ್

ಲೈಡನ್ ಸ್ಟೇಷನ್ನಿನಿಂದ ಊರೊಳಗೆ ನಡೆಯುತ್ತಾ ಹೋದರೆ ಮೊದಲು ಕಾಲುವೆ, ಆಮೇಲೆ ಒಂದು ಗಾಳಿಗಿರಣಿ, ಆಮೇಲೆ ಇಕ್ಕಟ್ಟಾದ ಇಟ್ಟಿಗೆ ಬೀದಿಗಳು. ಒಂದು ಮನೆಯ ಗೋಡೆಯ ತುಂಬ ಸ್ನೆಲ್ ನಿಯಮದ ಸೂತ್ರ ಬರೆದಿದ್ದಾರೆ. ಬೋರ್ಡಿನ ಮೇಲೆ ಎಷ್ಟೋ ಸಲ ಬರೆದ ಸೂತ್ರವನ್ನು ಬೀದಿಯಲ್ಲಿ ಅಷ್ಟು ದೊಡ್ಡದಾಗಿ ನೋಡಿ ಖುಷಿಯಾಯಿತು. ವಿಲೆಬ್ರಾರ್ಡ್ ಸ್ನೆಲ್ ಈ ಊರಿನವನೇ. ವಕ್ರೀಭವನದ ನಿಯಮವನ್ನು ಅವನು ಕಂಡುಕೊಂಡದ್ದು 1621ರಲ್ಲಿ, ಆದರೆ ಅಚ್ಚು ಹಾಕಿಸಲಿಲ್ಲ. 1626ರಲ್ಲಿ ತೀರಿಕೊಂಡ. ಅವನ ಕೈಬರಹದ ಕಾಗದಗಳಿಂದ ಆಮೇಲೆ ವಿಷಯ ಹೊರಬಂತು.

ಈ ಊರಿನ ಕತೆ ಶುರುವಾಗುವುದು ಒಂದು ಮುತ್ತಿಗೆಯಿಂದ. ಸ್ಪೇನಿನ ಆಳ್ವಿಕೆಯ ವಿರುದ್ಧ ಡಚ್ಚರು ದಂಗೆ ಎದ್ದಿದ್ದ ಕಾಲ. 1574ರಲ್ಲಿ ಸ್ಪೇನಿನ ಸೈನ್ಯ ಲೈಡನ್ನನ್ನು ಸುತ್ತುವರಿದಿತ್ತು. ಊರಿನಲ್ಲಿ ಹಸಿವು, ಪ್ಲೇಗು. ಡಚ್ಚರು ತಮ್ಮ ಒಡ್ಡುಗಳನ್ನು ತಾವೇ ಒಡೆದು ಹೊಲಗಳಿಗೆ ನೀರು ನುಗ್ಗಿಸಿದರು. ಆ ನೀರಿನ ಮೇಲೆ ಚಪ್ಪಟೆ ತಳದ ದೋಣಿಗಳು ಊರಿನ ಹತ್ತಿರ ಬಂದವು. ಅಕ್ಟೋಬರ್ 3ಕ್ಕೆ ಮುತ್ತಿಗೆ ಮುಗಿಯಿತು. ಈಗಲೂ ಪ್ರತಿ ವರ್ಷ ಆ ದಿನ ಇಲ್ಲಿ ಹಬ್ಬ, ಜನಕ್ಕೆ ಹೆರಿಂಗ್ ಮೀನು ಮತ್ತು ಬಿಳಿ ಬ್ರೆಡ್ ಹಂಚುತ್ತಾರೆ. ಎದೆಗುಂದದೆ ನಿಂತ ಊರಿಗೆ ದಂಗೆಯ ನಾಯಕ ವಿಲಿಯಂ ಆಫ್ ಆರೆಂಜ್ ಕೊಟ್ಟದ್ದು ವಿಶ್ವವಿದ್ಯಾಲಯ, 1575ರಲ್ಲಿ. ತೆರಿಗೆ ಮಾಫಿ ಬೇಕೋ, ವಿಶ್ವವಿದ್ಯಾಲಯ ಬೇಕೋ ಎಂದು ಕೇಳಿದಾಗ ಊರವರು ವಿಶ್ವವಿದ್ಯಾಲಯ ಆರಿಸಿಕೊಂಡರು ಅನ್ನುವುದು ಊರಲ್ಲಿ ಹೇಳುವ ಕತೆ. ಯುದ್ಧ ಇನ್ನೂ ನಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಪಾಠಶಾಲೆ ತೆರೆದರು ಅನ್ನುವುದು ಸಣ್ಣ ವಿಷಯ ಅಲ್ಲ.

ಅಲ್ಲಿಂದ ಮುಂದೆ ಊರು ಬೆಳೆದದ್ದು ಹೊರಗಿನಿಂದ ಬಂದವರಿಂದ. 1585ರಲ್ಲಿ, ಈಗ ಬೆಲ್ಜಿಯಂನಲ್ಲಿರುವ ಆಂಟ್‌ವರ್ಪ್ ನಗರ ಸ್ಪೇನಿನವರ ಕೈಗೆ ಬಿದ್ದಾಗ ಸಾವಿರಾರು ಜನ ಉತ್ತರಕ್ಕೆ ಬಂದರು. ನೇಕಾರರು, ಅಚ್ಚುಕೂಟದವರು, ವ್ಯಾಪಾರಿಗಳು, ಮೇಷ್ಟ್ರುಗಳು. ಅದಕ್ಕೂ ಮೊದಲೇ ಅದೇ ದಕ್ಷಿಣದಿಂದ ಬಂದವರೂ ಇದ್ದರು. ಗಣಿತಜ್ಞ ಸೈಮನ್ ಸ್ಟೆವಿನ್ ಬ್ರೂಜ್ ಊರಿನವನು. ಅಚ್ಚುಕೂಟದ ಲೂಯಿ ಎಲ್ಝೆವಿರ್ ಲೂವೆನ್‌ನವನು. ಗೆಲಿಲಿಯೊ ಗೃಹಬಂಧನದಲ್ಲಿದ್ದಾಗ ಅವನ ಕೊನೆಯ ದೊಡ್ಡ ಪುಸ್ತಕ ಇಟಲಿಯಲ್ಲಿ ಅಚ್ಚಾಗುವ ಹಾಗಿರಲಿಲ್ಲ. 1638ರಲ್ಲಿ ಅದು ಹೊರಬಂದದ್ದು ಲೈಡನ್ನಿನ ಎಲ್ಝೆವಿರ್ ಅಚ್ಚುಕೂಟದಿಂದ. ಅದರ ಹಿಂದಿನ ವರ್ಷ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ ಆಲೋಚನೆಯ ವಿಧಾನದ ಬಗ್ಗೆ ಬರೆದ ಪುಸ್ತಕ ಅಚ್ಚಾದದ್ದೂ ಇದೇ ಊರಿನಲ್ಲಿ. ಬೇರೆ ಕಡೆ ಬಾಯಿ ಮುಚ್ಚಿಸಿದವರಿಗೆ ಇಲ್ಲಿ ಅಚ್ಚುಮೊಳೆ ಸಿಗುತ್ತಿತ್ತು.

ಬೆಳಿಗ್ಗೆ ವಿಶ್ವವಿದ್ಯಾಲಯದ ಸಸ್ಯತೋಟಕ್ಕೆ ಹೋದೆವು. ತೋಟ 1590ರದು. 1593ರಲ್ಲಿ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಿ ಬಂದು ಇದನ್ನು ಬೆಳೆಸಿದ. ಡಚ್ಚರ ನೆಲಕ್ಕೆ ಟುಲಿಪ್ ಬೇರೂರಿದ್ದರಲ್ಲಿ ಅವನ ಪಾಲು ದೊಡ್ಡದು. ಅಕ್ಟೋಬರಿನಲ್ಲಿ ಟುಲಿಪ್ ಇರುವುದಿಲ್ಲ. ಅವನ ಕಾಲದ ಮಾದರಿಯಲ್ಲೇ ಮತ್ತೆ ಕಟ್ಟಿದ ಸಣ್ಣ ಸಣ್ಣ ಪಾತಿಗಳಲ್ಲಿ ಔಷಧಿ ಗಿಡಗಳನ್ನು ನೋಡಿಕೊಂಡು ಬಂದೆವು.

ಮಧ್ಯಾಹ್ನ ಪೂರ್ತಿ ಬೂರ್‌ಹಾವೆ ಮ್ಯೂಸಿಯಂ. ವಿಜ್ಞಾನದ ಇತಿಹಾಸದಲ್ಲಿ ಆಸಕ್ತಿ ಇರುವವರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ದಿನ ಕಡಿಮೆ ಮಾಡಿಕೊಂಡಾದರೂ ಇಲ್ಲಿಗೆ ಬರಬೇಕು. ಕಟ್ಟಡ ಮೊದಲು ಕ್ರೈಸ್ತ ಸನ್ಯಾಸಿನಿಯರ ಮಠ, ಆಮೇಲೆ ಆಸ್ಪತ್ರೆ. ಹೆರ್ಮನ್ ಬೂರ್‌ಹಾವೆ 18ನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಹನ್ನೆರಡು ಹಾಸಿಗೆ ಇಟ್ಟುಕೊಂಡು, ಆರು ಗಂಡಸರಿಗೆ, ಆರು ಹೆಂಗಸರಿಗೆ, ರೋಗಿಯ ಪಕ್ಕದಲ್ಲೇ ನಿಂತು ವೈದ್ಯ ಪಾಠ ಹೇಳುತ್ತಿದ್ದ. ಯುರೋಪಿನ ಎಲ್ಲ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಒಳಗೆ ಲೈಡನ್ನಿನ ಹಳೆಯ ಶವಚ್ಛೇದನ ಸಭಾಂಗಣವನ್ನು ಮರದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ವೃತ್ತಾಕಾರದ ಮೆಟ್ಟಿಲು ಸಾಲು, ನಡುವೆ ಮೇಜು, ಸುತ್ತ ಬಾವುಟ ಹಿಡಿದ ಅಸ್ಥಿಪಂಜರಗಳು. ಚಳಿಗಾಲದಲ್ಲಿ ಮಾತ್ರ ಶವ ಕೊಯ್ಯುತ್ತಿದ್ದರು, ಬೇಗ ಕೆಡಬಾರದು ಅಂತ.

ನಾನು ಬಂದದ್ದು ಇನ್ನೊಂದು ವಸ್ತುವಿಗಾಗಿ. ಲೀವನ್‌ಹುಕ್ ಕೈಯಾರೆ ಮಾಡಿದ ಸೂಕ್ಷ್ಮದರ್ಶಕ. ಗಾಜಿನ ಪೆಟ್ಟಿಗೆಯೊಳಗೆ ಅದನ್ನು ಹುಡುಕಬೇಕು, ಅಷ್ಟು ಚಿಕ್ಕದು. ಒಂದರ ಮೇಲೊಂದು ಇಟ್ಟು ಸೇರಿಸಿದ ಎರಡು ಲೋಹದ ತಗಡು, ಉದ್ದ ಎರಡು ಬೆರಳ ಅಗಲದಷ್ಟು. ತಗಡಿನಲ್ಲಿ ಒಂದು ತೂತು. ತೂತಿನೊಳಗೆ ಮಸೂರ, ಅದು ಸಬ್ಬಕ್ಕಿ ಕಾಳಿಗಿಂತ ಚಿಕ್ಕದು. ಹಿಂದೆ ಒಂದು ಚೂಪು ಮೊಳೆ, ನೋಡಬೇಕಾದ ವಸ್ತು ಅದರ ತುದಿಗೆ. ಮೊಳೆಯನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಲು ತಿರುಪು. ಕೊಳವೆ ಇಲ್ಲ, ಕನ್ನಡಿ ಇಲ್ಲ, ಕಾಲಿಲ್ಲ. ಕಣ್ಣಿಗೆ ಅಂಟಿಸಿದ ಹಾಗೆ ಹಿಡಿದು ಬೆಳಕಿನ ಕಡೆ ತಿರುಗಿ ನೋಡಬೇಕು.

"ದೊಡ್ಡಮ್ಮ, ಇಷ್ಟರಲ್ಲೇ ಬ್ಯಾಕ್ಟೀರಿಯಾ ಕಂಡಿತಾ?" ಅಂದಳು ಪುಟ್ಟಿ.

"ಕಂಡಿತು ಕಣೇ. ಗುರುವಾರ ಅವನ ಊರಿಗೇ ಹೋಗ್ತೀವಲ್ಲ, ಅಲ್ಲಿ ಹೇಳ್ತೀನಿ."

ಅದೇ ಮ್ಯೂಸಿಯಂನಲ್ಲಿ 1657ರ ಲೋಲಕದ ಗಡಿಯಾರ ಇದೆ. ಯೋಜನೆ ಹೈಗನ್ಸ್‌ನದು, ಮಾಡಿದವನು ಹೇಗ್ ನಗರದ ಗಡಿಯಾರದ ಕುಶಲಕರ್ಮಿ ಸಾಲೋಮನ್ ಕೋಸ್ಟರ್. ಅದಕ್ಕೆ ಮೊದಲು ಒಳ್ಳೆಯ ಗಡಿಯಾರಗಳೂ ದಿನಕ್ಕೆ ಕಾಲು ಗಂಟೆ ಹಿಂದೆ ಮುಂದೆ ಆಗುತ್ತಿದ್ದವು. ಲೋಲಕ ಬಂದ ಮೇಲೆ ಆ ತಪ್ಪು ಹದಿನೈದು ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಗಡಿಯಾರ ನೋಡಲು ತೀರಾ ಸಾದಾ, ಕಪ್ಪು ಪೆಟ್ಟಿಗೆ, ಒಂದು ಮುಖ. ಅದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ.

ಬುಧವಾರ – ರೈನ್ಸ್‌ಬರ್ಗ್, ಮಳೆ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಲೈಡನ್ನಿನಿಂದ ಬಸ್ಸಿನಲ್ಲಿ ರೈನ್ಸ್‌ಬರ್ಗ್‌ಗೆ ಹೋದೆವು. ಸ್ಪಿನೋಜಾ 1661ರಿಂದ 1663ರವರೆಗೆ ಬಾಡಿಗೆಗಿದ್ದ ಸಣ್ಣ ಮನೆ ಇಲ್ಲಿದೆ.

ಆಮ್‌ಸ್ಟರ್‌ಡ್ಯಾಮ್‌ನ ಯಹೂದಿ ಸಮಾಜ 1656ರಲ್ಲಿ ಅವನನ್ನು ಬಹಿಷ್ಕರಿಸಿದಾಗ ಅವನಿಗೆ 23 ವರ್ಷ. ಆಮೇಲೆ ಅವನ ಕೈ ಹಿಡಿದದ್ದು ಮಸೂರ ಉಜ್ಜುವ ಕೆಲಸ. ಹಗಲು ಗಾಜು ಉಜ್ಜುವುದು, ರಾತ್ರಿ ಬರೆಯುವುದು. ಮುಂದೆ ಅವನು ಹೇಗ್ ಪಕ್ಕದ ಫೋರ್‌ಬರ್ಗ್‌ಗೆ ಹೋದಾಗ ಹತ್ತಿರದಲ್ಲೇ ಇದ್ದ ಹೈಗನ್ಸ್ ಕೂಡ ಅವನ ಮಸೂರಗಳನ್ನು ಮೆಚ್ಚಿದ. ಮನೆಯ ಒಂದು ಕೋಣೆಯಲ್ಲಿ ಅವನ ಪುಸ್ತಕದ ಕಪಾಟನ್ನು ಮತ್ತೆ ಜೋಡಿಸಿದ್ದಾರೆ. ಸತ್ತಾಗ ಬರೆದಿಟ್ಟ ಆಸ್ತಿ ಪಟ್ಟಿಯಲ್ಲಿ ಸುಮಾರು 160 ಪುಸ್ತಕಗಳ ಹೆಸರಿತ್ತು. ಅದನ್ನೇ ನೋಡಿಕೊಂಡು ಅದೇ ಪುಸ್ತಕಗಳ ಹಳೆಯ ಪ್ರತಿಗಳನ್ನು ಹುಡುಕಿ ತಂದಿದ್ದಾರೆ. ಅತಿಥಿ ಪುಸ್ತಕದಲ್ಲಿ 1920ರ ಒಂದು ಸಹಿ ಐನ್‌ಸ್ಟೈನ್ ಅವರದು.

ಹೊರಗೋಡೆಯ ಕಲ್ಲಿನಲ್ಲಿ ನಾಲ್ಕು ಸಾಲಿನ ಹಳೆಯ ಪದ್ಯ ಇದೆ. ಪುಟ್ಟಿ ಕೊಡೆ ಹಿಡಿದು ನಿಂತು ಓದಿ ಹೇಳಿದಳು: ಮನುಷ್ಯರೆಲ್ಲ ವಿವೇಕಿಗಳಾಗಿದ್ದು, ಒಳ್ಳೆಯದನ್ನೂ ಬಯಸಿದ್ದರೆ ಈ ಭೂಮಿ ಸ್ವರ್ಗವಾಗುತ್ತಿತ್ತು, ಈಗ ಬಹುಪಾಲು ನರಕ. ಅವನ ಮುಖ್ಯ ಗ್ರಂಥ ಅಚ್ಚಾದದ್ದು ಅವನು 44ನೇ ವಯಸ್ಸಿಗೆ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ ಮೇಲೆ, 1677ರಲ್ಲಿ. ಪೂರ್ತಿ ಹೆಸರು ಹಾಕುವ ಧೈರ್ಯ ಆಗಲೂ ಇರಲಿಲ್ಲ, ಬರೀ ಮೊದಲಕ್ಷರಗಳು. ಈ ದೇಶದ ಸಹನೆಯನ್ನು ಹೊಗಳುವಾಗ ಈ ಮನೆಯನ್ನು ಮರೆಯಬಾರದು. ಸಹನೆ ಇತ್ತು, ಅದಕ್ಕೆ ಗಡಿಯೂ ಇತ್ತು. ಆದರೂ ಲ್ಯಾಟಿನ್ ಮತ್ತು ಡಚ್ ಎರಡರಲ್ಲೂ ಅದೇ ವರ್ಷ ಅವನ ಬರಹಗಳನ್ನು ಅಚ್ಚು ಹಾಕಿಸಿದ ಗೆಳೆಯರು ಇದೇ ದೇಶದವರು.

ಮಳೆ ಜೋರಾಯಿತು. ಬಸ್ ಸ್ಟಾಪಿನಲ್ಲೇ ಡಬ್ಬಿ ತೆಗೆದು ತಂಗಿ ಕಟ್ಟಿಕೊಟ್ಟ ಚಿತ್ರಾನ್ನ ತಿಂದು ವಾಪಸ್ಸು ಹೊರಟೆವು.

ಗುರುವಾರ – ಡೆಲ್ಫ್ಟ್

ಆಕಾಶ ತಿಳಿಯಾಗಿತ್ತು. ಗುರುವಾರ ಡೆಲ್ಫ್ಟ್‌ನ ದೊಡ್ಡ ಚೌಕದಲ್ಲಿ ಸಂತೆ. ಚೀಸ್, ಹೂವು, ಮೀನು. ಚೌಕದ ಒಂದು ತುದಿಗೆ ನಗರಸಭೆ, ಇನ್ನೊಂದು ತುದಿಗೆ ಹೊಸ ಚರ್ಚು. ಹೊಸದು ಅಂದರೆ ಮಧ್ಯಯುಗದ್ದೇ. ಗೋಪುರ ಸುಮಾರು 109 ಮೀಟರ್. ಒಳಗೆ ವಿಲಿಯಂ ಆಫ್ ಆರೆಂಜ್‌ನ ಸಮಾಧಿ. ಹೊರಗೆ ಕಾನೂನು ಪಂಡಿತ ಹ್ಯೂಗೊ ಗ್ರೋಶಿಯಸ್‌ನ ಪ್ರತಿಮೆ. ಸಮುದ್ರ ಯಾರ ಸ್ವತ್ತೂ ಅಲ್ಲ ಎಂದು 1609ರಲ್ಲಿ ವಾದಿಸಿ ಬರೆದವನು ಅವನು.

ಸೈಮನ್ ಸ್ಟೆವಿನ್‌ನ ಪ್ರಯೋಗ ನಡೆದದ್ದು ಈ ಊರಿನಲ್ಲಿ. ಗ್ರೋಶಿಯಸ್‌ನ ಅಪ್ಪ ಯಾನ್ ಡೆ ಗ್ರೂಟ್ ಜೊತೆ ಸೇರಿ ಅವನು ಎರಡು ಸೀಸದ ಗುಂಡುಗಳನ್ನು ಮೂವತ್ತು ಅಡಿ ಎತ್ತರದಿಂದ ಹಲಗೆಯ ಮೇಲೆ ಬಿಟ್ಟ. ಒಂದು ಇನ್ನೊಂದರ ಹತ್ತರಷ್ಟು ತೂಕ. ಎರಡೂ ಬಿದ್ದ ಸದ್ದು ಒಂದೇ ಸಲಕ್ಕೆ ಕೇಳಿಸಿತು. ಇದನ್ನು ಅವನು ಬರೆದು ಅಚ್ಚು ಹಾಕಿಸಿದ್ದು 1586ರಲ್ಲಿ. ಮಕ್ಕಳಿಗೆ ನಾವು ಪೀಸಾ ಗೋಪುರದ ಕತೆಯನ್ನೇ ಹೇಳುತ್ತೇವೆ. ಗೆಲಿಲಿಯೊ ಅಲ್ಲಿಂದ ಗುಂಡು ಬಿಟ್ಟನೋ ಇಲ್ಲವೋ ಅನ್ನುವುದು ಚರ್ಚೆಯ ವಿಷಯ. ಡೆಲ್ಫ್ಟ್‌ನದು ಮಾಡಿದವನೇ ಬರೆದಿಟ್ಟ ಪ್ರಯೋಗ, ಅದೂ ಮೊದಲೇ.

ಸ್ಟೆವಿನ್ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಇದೆ. ಅವನು ಡಚ್ ಭಾಷೆಯಲ್ಲಿ ಬರೆದ. ಆಗ ವಿದ್ವಾಂಸರ ಭಾಷೆ ಲ್ಯಾಟಿನ್. ದಶಮಾಂಶ ಭಿನ್ನರಾಶಿಗಳನ್ನು ಯುರೋಪಿಗೆ ಸರಳವಾಗಿ ತಿಳಿಸಿಕೊಟ್ಟ ಅವನ 1585ರ ಪುಟ್ಟ ಪುಸ್ತಕ ಡಚ್‌ನಲ್ಲಿದೆ. ಅದನ್ನು ಅವನು ಅರ್ಪಿಸಿದ್ದು ನಕ್ಷತ್ರ ವೀಕ್ಷಕರಿಗೆ, ಭೂಮಾಪಕರಿಗೆ, ಬಟ್ಟೆ ಅಳೆಯುವವರಿಗೆ, ಪೀಪಾಯಿ ಅಳೆಯುವವರಿಗೆ, ವ್ಯಾಪಾರಿಗಳಿಗೆ. 1600ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಜೊತೆಯಲ್ಲೇ ಎಂಜಿನಿಯರಿಂಗ್ ಶಾಲೆ ಶುರುವಾದಾಗ ಪಾಠಕ್ರಮ ಹಾಕಿಕೊಟ್ಟವನೂ ಅವನೇ. ಪಾಠ ಡಚ್‌ನಲ್ಲಿ. ಬಡಗಿಗಳು, ಗಾರೆ ಕೆಲಸದವರು, ಭೂಮಾಪಕರು ಬಂದು ಕೂರಬಹುದಿತ್ತು. ನಾನು ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡ ಮಾಧ್ಯಮದಲ್ಲೇ ಪಾಠ ಮಾಡುವವಳು. ವಿಜ್ಞಾನ ಮನೆಮಾತಿನಲ್ಲಿ ಆಗುವುದಿಲ್ಲ ಅನ್ನುವ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ನಾಲ್ಕು ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಹಟ ಹಿಡಿದು ಮಾಡಿ ತೋರಿಸಿದ್ದಾನಲ್ಲ!

ಲೀವನ್‌ಹುಕ್‌ಗಂತೂ ಡಚ್ ಬಿಟ್ಟು ಬೇರೆ ಭಾಷೆಯೇ ಬರುತ್ತಿರಲಿಲ್ಲ. ಹುಟ್ಟಿದ್ದು 1632ರ ಅಕ್ಟೋಬರಿನಲ್ಲಿ, ಇದೇ ಡೆಲ್ಫ್ಟ್‌ನಲ್ಲಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಬಟ್ಟೆ ವ್ಯಾಪಾರಿ. ಹಿಪ್ಪೊಲಿಟಸ್‌ಬ್ಯೂರ್ಟ್ ಅನ್ನುವ ಕಾಲುವೆ ದಂಡೆಯಲ್ಲಿ ಅವನ ಮನೆ, ಅಂಗಡಿ. ಆ ಕಟ್ಟಡ ಈಗ ಇಲ್ಲ. ಬಟ್ಟೆಯ ನೂಲು ಎಷ್ಟು ಒತ್ತಾಗಿದೆ ಎಂದು ನೋಡಲು ಬಟ್ಟೆ ವ್ಯಾಪಾರಿಗಳು ಭೂತಗನ್ನಡಿ ಇಟ್ಟುಕೊಳ್ಳುತ್ತಿದ್ದರು. ಅದರ ಜೊತೆಗೆ ನಗರಸಭೆಯಲ್ಲಿ ಸಣ್ಣ ಹುದ್ದೆ, ಭೂಮಾಪಕನ ಪರೀಕ್ಷೆ, ಕೊನೆಗೆ ವೈನ್ ಪೀಪಾಯಿ ಅಳೆಯುವ ಅಧಿಕಾರ. ಅಳತೆಯೇ ಅವನ ಬದುಕಾಗಿತ್ತು. ಸ್ಟೆವಿನ್ ತನ್ನ ಪುಸ್ತಕವನ್ನು ಯಾರಿಗೆ ಅರ್ಪಿಸಿದ್ದನೋ ಆ ಪಟ್ಟಿಯ ಅರ್ಧ ಕೆಲಸಗಳನ್ನು ಇವನೊಬ್ಬನೇ ಮಾಡಿದ.

ಹಳೆಯ ಚರ್ಚಿನ ಎದುರಿಗೆ ಕಾಲುವೆ ಕಟ್ಟೆಯ ಮೇಲೆ ಕೂತು ಪುಟ್ಟಿಗೆ ಮೆಣಸಿನ ಕತೆ ಹೇಳಿದೆ. ಕಾಳುಮೆಣಸು ಯಾಕೆ ಖಾರ? ಇದು ಅವನ ಪ್ರಶ್ನೆ. ಮೆಣಸಿನ ಕಣಗಳಿಗೆ ಚೂಪು ತುದಿಗಳಿದ್ದು ನಾಲಿಗೆಗೆ ಚುಚ್ಚುತ್ತವೇನೋ ಎಂಬ ಅನುಮಾನ. ಅದನ್ನು ನೋಡಲು ಮೆಣಸನ್ನು ನೀರಿನಲ್ಲಿ ನೆನೆಹಾಕಿ ಮೂರು ವಾರ ಇಟ್ಟ. 1676ರ ಏಪ್ರಿಲ್‌ನಲ್ಲಿ ಆ ನೀರಿನ ಹನಿಯನ್ನು ತನ್ನ ಮಸೂರಕ್ಕೆ ಹಿಡಿದಾಗ ಚೂಪು ತುದಿ ಕಾಣಲಿಲ್ಲ. ಕಂಡದ್ದು ಓಡಾಡುವ ಜೀವಿಗಳು, ಊಹೆಗೂ ಮೀರಿ ಸಣ್ಣವು. ಮನುಷ್ಯ ಬ್ಯಾಕ್ಟೀರಿಯಾವನ್ನು ಮೊದಲು ನೋಡಿದ್ದು ಹೀಗೆ, ಮೆಣಸಿನ ನೀರಿನಲ್ಲಿ.

ಅಕ್ಟೋಬರ್ 9ರಂದು ಅವನು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಉದ್ದದ ಪತ್ರ ಬರೆದ, ಡಚ್‌ನಲ್ಲೇ. ಅಲ್ಲಿ ಸುಲಭಕ್ಕೆ ನಂಬಲಿಲ್ಲ. ಇವನು ಪಾದ್ರಿಗಳು, ನೋಟರಿ ಸೇರಿ ಎಂಟು ಜನಕ್ಕೆ ತೋರಿಸಿ ಸಾಕ್ಷಿಪತ್ರ ಬರೆಸಿ ಕಳಿಸಿದ. ಕೊನೆಗೆ 1677ರ ನವೆಂಬರಿನಲ್ಲಿ ಅಲ್ಲಿನ ವಿಜ್ಞಾನಿ ರಾಬರ್ಟ್ ಹುಕ್ ತಾನೇ ಮೆಣಸಿನ ನೀರು ಮಾಡಿ ನೋಡಿದಾಗ ಅಲ್ಲಿಯೂ ಕಂಡವು. 1680ರಲ್ಲಿ ಈ ಬಟ್ಟೆ ವ್ಯಾಪಾರಿ ರಾಯಲ್ ಸೊಸೈಟಿಯ ಸದಸ್ಯನಾದ. ಸಾಯುವವರೆಗೂ ಅವನು ಅವರಿಗೆ ಬರೆಯುತ್ತಲೇ ಇದ್ದ. ಹಲ್ಲಿನ ಪಾಚಿ, ವೀರ್ಯಾಣು, ರಕ್ತದ ಕಣ, ಜೇನುಹುಳದ ಮುಳ್ಳು, ಯಾವುದನ್ನೂ ಬಿಡಲಿಲ್ಲ. ಆ ಪತ್ರಗಳ ಪುಟವೊಂದರ ಚಿತ್ರ ಫೋನಿನಲ್ಲಿ ತೆಗೆದು ಪುಟ್ಟಿಗೆ ತೋರಿಸಿದೆ. ಅಚ್ಚಾದ ಹಳೆಯ ಡಚ್. ನಿಧಾನವಾಗಿ ಬೆರಳಿಟ್ಟು ಓದಿದಳು.

"ದೊಡ್ಡಮ್ಮ, ಅರ್ಧಕ್ಕರ್ಧ ಅರ್ಥ ಆಗ್ತಿದೆ! ಪಕ್ಕದ್ಮನೆ ಅಜ್ಜ ಮಾತಾಡಿದ ಹಾಗೇ ಇದೆ."

ತನ್ನ ಮಸೂರ ಮಾಡುವ ಬಗೆಯನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಮಾಡಿದ್ದು 500ಕ್ಕೂ ಹೆಚ್ಚು. ಮಗಳು ಮರಿಯಾ 1745ರಲ್ಲಿ ತೀರಿಕೊಂಡ ಮೇಲೆ ಎಲ್ಲ ಹರಾಜಾಗಿ ಚದುರಿಹೋದವು. ಈಗ ಉಳಿದಿರುವುದು ಹನ್ನೆರಡರ ಆಸುಪಾಸು. ಉಟ್ರೆಕ್ಟ್‌ನಲ್ಲಿ ಇರುವುದೇ ಎಲ್ಲಕ್ಕಿಂತ ಬಲವಾದದ್ದು, ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅದನ್ನು ಬಿಚ್ಚಿ ನೋಡುವ ಹಾಗಿಲ್ಲ. 2021ರಲ್ಲಿ ಡೆಲ್ಫ್ಟ್‌ನ ವಿಜ್ಞಾನಿಗಳು ಬೂರ್‌ಹಾವೆ ಮ್ಯೂಸಿಯಂ ಜೊತೆ ಸೇರಿ ನ್ಯೂಟ್ರಾನ್ ಕಿರಣ ಹಾಯಿಸಿ ಒಳಗಿನ ಮಸೂರದ ಆಕಾರ ಕಂಡುಕೊಂಡರು. ಅದು ಉಜ್ಜಿದ್ದಲ್ಲ, ಗಾಜಿನ ಎಳೆಯನ್ನು ಉರಿಗೆ ಹಿಡಿದಾಗ ತುದಿಯಲ್ಲಿ ಕಟ್ಟುವ ಮಣಿ. ಹುಕ್ 1665ರಲ್ಲೇ ತನ್ನ ಪುಸ್ತಕದ ಮುನ್ನುಡಿಯಲ್ಲಿ ಎಲ್ಲರಿಗೂ ಹೇಳಿಕೊಟ್ಟ ದಾರಿ ಅದು. ಗುಟ್ಟು ಇದ್ದದ್ದು ಆ ದಾರಿಯಲ್ಲಿ ಅಲ್ಲ, ದಿನಗಟ್ಟಲೆ ಕೂತು ನೋಡುವ ತಾಳ್ಮೆಯಲ್ಲಿ ಎಂದು ನನಗೆ ಅನ್ನಿಸುತ್ತದೆ.

ವರ್ಮೀರ್ ಹುಟ್ಟಿದ್ದೂ ಅದೇ 1632ರಲ್ಲಿ, ಅದೇ ಊರಿನಲ್ಲಿ. ಕೆಲವೇ ದಿನಗಳ ಅಂತರದಲ್ಲಿ ಇಬ್ಬರಿಗೂ ಹೊಸ ಚರ್ಚಿನಲ್ಲಿ ನಾಮಕರಣ. ಇಬ್ಬರ ಸಮಾಧಿಯೂ ಹಳೆಯ ಚರ್ಚಿನಲ್ಲಿ. ಆ ಚರ್ಚಿನ ಗೋಪುರ ಕಣ್ಣಿಗೆ ಕಾಣುವಷ್ಟು ವಾಲಿದೆ, ತುದಿಯಲ್ಲಿ ಎರಡು ಮೀಟರ್ ಹತ್ತಿರ. ಲೀವನ್‌ಹುಕ್‌ಗೆ ಮಗಳು ಮಾಡಿಸಿದ ದೊಡ್ಡ ಸ್ಮಾರಕ ಇದೆ. 90 ವರ್ಷ ಬದುಕಿದ ಮನುಷ್ಯ. ವರ್ಮೀರ್‌ಗೆ ನೆಲದಲ್ಲಿ ಒಂದು ಹಾಸುಗಲ್ಲು. ಅವನು 43ಕ್ಕೇ ಹೋದ, 1675ರ ಡಿಸೆಂಬರಿನಲ್ಲಿ. ಫ್ರಾನ್ಸಿನ ಜೊತೆ ಯುದ್ಧ, ಚಿತ್ರ ಕೊಳ್ಳುವವರೇ ಇಲ್ಲ, ಮನೆ ತುಂಬ ಮಕ್ಕಳು, ಮೈತುಂಬ ಸಾಲ. ಬ್ರೆಡ್ ಅಂಗಡಿಯ ಬಾಕಿಯೇ 617 ಗಿಲ್ಡರ್. ಹೆಂಡತಿ ಕ್ಯಾಥರಿನಾ ಅದಕ್ಕೆ ಎರಡು ಚಿತ್ರ ಕೊಟ್ಟಳು. 1676ರ ಸೆಪ್ಟೆಂಬರ್ ಕೊನೆಗೆ ನಗರಸಭೆ ಅವನ ದಿವಾಳಿ ಆಸ್ತಿ ನೋಡಿಕೊಳ್ಳಲು ಒಬ್ಬನನ್ನು ನೇಮಿಸಿತು. ಅವನೇ ಲೀವನ್‌ಹುಕ್. ಮೆಣಸಿನ ನೀರಿನ ಪತ್ರಕ್ಕೆ ಅವನು ಕೂತದ್ದೂ ಅದೇ ದಿನಗಳಲ್ಲಿ. ಬದುಕಿದ್ದಾಗ ಇಬ್ಬರೂ ಸ್ನೇಹಿತರಾಗಿದ್ದರು ಅನ್ನಲು ಒಂದು ಕಾಗದದ ಚೂರೂ ಸಿಕ್ಕಿಲ್ಲ. ಸುಮ್ನೆ ಕತೆ ಕಟ್ಟುವುದು ಬೇಡ. ಇಷ್ಟು ಸಣ್ಣ ಊರಿನಲ್ಲಿ, ಒಂದೇ ಬೆಳಕಿನಲ್ಲಿ, ಒಬ್ಬ ಹನಿಯೊಳಗೆ ನೋಡುತ್ತಿದ್ದ, ಇನ್ನೊಬ್ಬ ಕಿಟಕಿಯಿಂದ ಬೀಳುವ ಬಿಸಿಲು ಹಾಲಿನ ಮೇಲೆ, ಬ್ರೆಡ್ಡಿನ ಮೇಲೆ ಹೇಗೆ ಬೀಳುತ್ತದೆ ಎಂದು ನೋಡುತ್ತಿದ್ದ. ಅಷ್ಟೇ ಸಾಕು.

ಡೆಲ್ಫ್ಟ್‌ನಲ್ಲಿ ವರ್ಮೀರ್‌ನ ಒಂದು ಮೂಲ ಚಿತ್ರವೂ ಇಲ್ಲ. ಅದಕ್ಕೇ ಮಾರನೇ ದಿನ ಹೇಗ್.

ಶುಕ್ರವಾರ – ಹೇಗ್, ಫೋರ್‌ಬರ್ಗ್

ಡೆಲ್ಫ್ಟ್‌ನಿಂದ ಹೇಗ್‌ಗೆ ಟ್ರಾಮ್ ಇದೆ. 1630ರ ದಶಕದಿಂದ ಈ ಊರುಗಳ ನಡುವೆ ಕುದುರೆ ಎಳೆಯುವ ದೋಣಿಗಳು ವೇಳಾಪಟ್ಟಿ ಪ್ರಕಾರ ಓಡಾಡುತ್ತಿದ್ದವು. ಪತ್ರ, ಪುಸ್ತಕ, ಮಸೂರ, ಸುದ್ದಿ ಎಲ್ಲ ಆ ದೋಣಿಯಲ್ಲೇ. ಹೊತ್ತಿಗೆ ಸರಿಯಾಗಿ ಬರುವ ಅಗ್ಗದ ದೋಣಿ ಇದ್ದದ್ದರಿಂದಲೇ ಬೇರೆ ಬೇರೆ ಊರಿನ ಈ ಜನ ಒಬ್ಬರ ಕೆಲಸ ಒಬ್ಬರು ತಿಳಿದುಕೊಳ್ಳಲು ಆಯಿತು.

ಮೌರಿಟ್ಸ್‌ಹೌಸ್ ಮ್ಯೂಸಿಯಂ ಚಿಕ್ಕದು, ಎರಡು ಮಹಡಿ. ಮುತ್ತಿನ ಓಲೆ ತೊಟ್ಟ ಹುಡುಗಿಯ ಮುಂದೆ ಯಾವಾಗಲೂ ಜನ. 1881ರ ಹರಾಜಿನಲ್ಲಿ ಆ ಚಿತ್ರ ಬರೀ ಎರಡು ಗಿಲ್ಡರ್, ಮೂವತ್ತು ಸೆಂಟಿಗೆ ಹೋಗಿತ್ತು. ನನಗೆ ಅದಕ್ಕಿಂತ ಅದೇ ವರ್ಮೀರ್ ಬರೆದ ಡೆಲ್ಫ್ಟ್ ನೋಟ ಜಾಸ್ತಿ ಇಷ್ಟವಾಯಿತು. ಮಳೆ ಬಂದು ಹೋದ ಬೆಳಗು. ಮುಂದಿನ ಕಟ್ಟಡಗಳು ಮೋಡದ ನೆರಳಿನಲ್ಲಿ, ಹಿಂದೆ ಹೊಸ ಚರ್ಚಿನ ಗೋಪುರ ಮಾತ್ರ ಬಿಸಿಲಲ್ಲಿ. ಹತ್ತಿರ ಹೋದರೆ ದೋಣಿಯ ಬದಿಯಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ನೀರಿನ ಮೇಲಿನ ಹೊಳಪು ಒದ್ದೆ ಮರದ ಮೇಲೆ ಆಡುವುದನ್ನು ಚುಕ್ಕೆಗಳಲ್ಲೇ ಹಿಡಿದಿದ್ದಾನೆ. ಹಿಂದಿನ ದಿನವಷ್ಟೇ ಅದೇ ಗೋಪುರದ ಕೆಳಗೆ ಓಡಾಡಿದ್ದೆವು. ಪುಟ್ಟಿ ಬೆರಳು ತೋರಿಸಿ ಹುಡುಕಿದಳು, "ನಾವು ಚೀಸ್ ತಗೊಂಡಿದ್ದು ಇಲ್ಲಿ, ಅಲ್ವಾ?"

ಪಕ್ಕದಲ್ಲೇ ರೆಂಬ್ರಾಂಟ್‌ನ ಡಾಕ್ಟರ್ ಟುಲ್ಪ್ ಅವರ ಶವಚ್ಛೇದನ ಪಾಠ, 1632ರದು. ಬರೆದಾಗ ರೆಂಬ್ರಾಂಟ್‌ಗೆ 26ರ ಆಸುಪಾಸು. ಮೇಜಿನ ಮೇಲಿರುವುದು ಗಲ್ಲಿಗೇರಿಸಿದ ಒಬ್ಬ ಕಳ್ಳನ ದೇಹ. ಟುಲ್ಪ್ ತೋಳಿನ ಸ್ನಾಯು ಎತ್ತಿ ಹಿಡಿದು, ಅದು ಬೆರಳನ್ನು ಹೇಗೆ ಮಡಿಸುತ್ತದೆ ಎಂದು ತನ್ನ ಎಡಗೈಯಲ್ಲಿ ತೋರಿಸುತ್ತಿದ್ದಾನೆ. ಇದು ನಾವು ತರಗತಿಯಲ್ಲಿ ಮಾಡುವುದೇ.

ಈ ಮ್ಯೂಸಿಯಂನ ಕಟ್ಟಡದ ಬಗ್ಗೆಯೂ ಹೇಳಬೇಕು. ಕಟ್ಟಿಸಿದವನು ಯೋಹಾನ್ ಮೌರಿಟ್ಸ್, ಬ್ರೆಜಿಲ್‌ನಲ್ಲಿ ಡಚ್ಚರ ಗವರ್ನರ್ ಆಗಿದ್ದವನು. ಅಲ್ಲಿನ ಸಕ್ಕರೆ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅದಕ್ಕಾಗಿ 1637ರಲ್ಲಿ ಆಫ್ರಿಕಾ ಕರಾವಳಿಯ ಎಲ್ಮಿನಾ ಕೋಟೆಯನ್ನೇ ಇವನ ಕಡೆಯವರು ಗೆದ್ದುಕೊಂಡರು. ಮ್ಯೂಸಿಯಂನವರೇ ಇದನ್ನು ಈಗ ಬರೆದು ಹಾಕಿದ್ದಾರೆ. ಆಮ್‌ಸ್ಟರ್‌ಡ್ಯಾಮ್ ಮ್ಯೂಸಿಯಂ 2019ರಲ್ಲಿ 17ನೇ ಶತಮಾನವನ್ನು ಸುವರ್ಣಯುಗ ಎಂದು ಕರೆಯುವುದನ್ನೇ ಬಿಟ್ಟಿತು. ಒಳ್ಳೆಯ ಕೆಲಸ ಮಾಡಿದರು. ಚಿತ್ರದ ಬೆಲೆ ಇದರಿಂದ ಕಡಿಮೆ ಆಗುವುದಿಲ್ಲ, ಆದರೆ ಚಿತ್ರ ಕೊಂಡ ದುಡ್ಡು ಎಲ್ಲಿಂದ ಬಂತು ಎಂದು ನೋಡುವವರಿಗೆ ಗೊತ್ತಿರಬೇಕು.

ಮಧ್ಯಾಹ್ನ ಫೋರ್‌ಬರ್ಗ್. ಸ್ಟೇಷನ್ನಿನಿಂದ ಇಳಿದರೆ ಪಕ್ಕದಲ್ಲೇ ಹೊಫ್‌ವೈಕ್, ಸುತ್ತಲೂ ನೀರು ಇರುವ ಚೌಕಾಕಾರದ ಮನೆ. ಕವಿಯೂ ರಾಜಕಾರಣಿಯೂ ಆಗಿದ್ದ ಕಾನ್‌ಸ್ಟಂಟೈನ್ ಹೈಗನ್ಸ್ 1640ರ ದಶಕದ ಶುರುವಿನಲ್ಲಿ ಕಟ್ಟಿಸಿದ್ದು. ತೋಟವನ್ನು ಮನುಷ್ಯನ ದೇಹದ ಆಕಾರದಲ್ಲಿ ಹಾಕಿಸಿದ್ದ, ಮನೆಯೇ ತಲೆ. ರೈಲು ಹಳಿ ಈಗ ತೋಟವನ್ನು ಕತ್ತರಿಸಿಕೊಂಡು ಹೋಗಿದೆ. ಅವನ ಮಗ, ಲೋಲಕದ ಗಡಿಯಾರದ ಕ್ರಿಸ್ಟಿಯಾನ್ ಹೈಗನ್ಸ್, ಅಣ್ಣನ ಜೊತೆ ಕೂತು ತಾನೇ ಮಸೂರ ಉಜ್ಜಿ ದೂರದರ್ಶಕ ಮಾಡಿದ. 1655ರಲ್ಲಿ ಶನಿಯ ಉಪಗ್ರಹ ಟೈಟನ್ ಕಂಡ. ಶನಿಯ ಸುತ್ತ ಇರುವುದು ಎಲ್ಲೂ ಮುಟ್ಟದ ಬಳೆ ಎಂದು 1659ರಲ್ಲಿ ಬರೆದ. 350 ವರ್ಷದ ಮೇಲೆ, 2005ರ ಜನವರಿ 14ರಂದು, ಅವನ ಹೆಸರಿನ ನೌಕೆ ಅದೇ ಟೈಟನ್ ಮೇಲೆ ಇಳಿಯಿತು. ಲ್ಯಾಟಿನ್, ಫ್ರೆಂಚ್ ಬಲ್ಲ ಸಿರಿವಂತರ ಮನೆಯ ಹುಡುಗನೂ ಮರಳು, ಗಾಜಿನ ಪುಡಿಯಲ್ಲಿ ಕೈ ಹಾಕಿ ಕೆಲಸ ಮಾಡಿದ. ನನ್ನ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ ಅನ್ನಿಸಿತು. ಕೈಕೆಲಸದವರು ಓದಿದರು, ಓದಿದವರು ಕೈಕೆಲಸಕ್ಕೆ ಕೂತರು.

ಶನಿವಾರ – ಆಮ್‌ಸ್ಟರ್‌ಡ್ಯಾಮ್

ಡ್ಯಾಮ್ ಚೌಕದ ಅರಮನೆ ಮೊದಲು ನಗರಸಭೆ. 1648ರಲ್ಲಿ ಕೆಲಸ ಶುರು. ಕೆಸರು ನೆಲದಲ್ಲಿ 13,659 ಮರದ ಕಂಬಗಳನ್ನು ಹೊಡೆದು ಅದರ ಮೇಲೆ ಕಲ್ಲಿನ ಕಟ್ಟಡ ನಿಲ್ಲಿಸಿದ್ದಾರೆ. ದೊಡ್ಡ ಸಭಾಂಗಣದ ಅಮೃತಶಿಲೆ ನೆಲದಲ್ಲಿ ಪ್ರಪಂಚದ ನಕ್ಷೆ ಇದೆ. ಊರ ಜನ ಭೂಮಂಡಲದ ಮೇಲೆ ಚಪ್ಪಲಿ ಕಾಲಲ್ಲಿ ಓಡಾಡಲಿ ಎಂದು ಮಾಡಿದ್ದು. ಆ ಹೆಮ್ಮೆ ನೋಡಿದಾಗ ಬಸರೂರು ನೆನಪಾಯಿತು. ಈಸ್ಟ್ ಇಂಡಿಯಾ ಕಂಪನಿಯ ಡಚ್ಚರು ಅಲ್ಲಿ ಕೋಠಿ ಇಟ್ಟು, ಕೆಳದಿ ಅರಸರ ಜೊತೆ ಮೆಣಸು, ಅಕ್ಕಿ ವ್ಯಾಪಾರ ಮಾಡಿದವರು.

ರೆಂಬ್ರಾಂಟ್‌ನ ಮನೆ ಅಲ್ಲಿಂದ ಸ್ವಲ್ಪ ದೂರ. 1639ರಲ್ಲಿ 13,000 ಗಿಲ್ಡರ್‌ಗೆ ಕೊಂಡ ಮನೆ, 1656ರಲ್ಲಿ ದಿವಾಳಿ. ಶಂಖ, ಚಿಪ್ಪು, ಆಯುಧ, ಪ್ರತಿಮೆ ತುಂಬಿದ ಅವನ ಸಂಗ್ರಹದ ಕೋಣೆಯನ್ನು ಮತ್ತೆ ಜೋಡಿಸಿದ್ದಾರೆ. ಆ ಕಷ್ಟದ ವರ್ಷಗಳಲ್ಲೇ ಅವನು ಮೊಘಲ್ ಚಿತ್ರಗಳನ್ನು ನೋಡಿ ರೇಖಾಚಿತ್ರ ಬರೆದ. ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ, ಶಹಜಹಾನ್ ಇದ್ದಾನೆ, ಮರದ ಕೆಳಗೆ ಕೂತ ಸೂಫಿಗಳಿದ್ದಾರೆ. ಭಾರತ ಕಾಣದ ರೆಂಬ್ರಾಂಟ್ ಕಾಗದದ ಮೇಲೆ ಭಾರತ ಕಂಡ. ಅವನಿಗಿಂತ ಮೊದಲೇ ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರ ನಮ್ಮ ವಿಜಯಪುರಕ್ಕೇ ಬಂದು ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಚಿತ್ರ ಬರೆದು, ಅಲ್ಲೇ ತೀರಿಕೊಂಡ. ನಮ್ಮ ಪಾಠಗಳಲ್ಲಿ ಅವನ ಹೆಸರು ಬರಬೇಕು.

ರೈಕ್ಸ್‌ಮ್ಯೂಸಿಯಂನಲ್ಲಿ ಶನಿವಾರದ ಜನಸಂದಣಿ. ರೆಂಬ್ರಾಂಟ್ 1642ರಲ್ಲಿ ಬರೆದ 'ರಾತ್ರಿ ಕಾವಲು' ಚಿತ್ರವನ್ನು ತಲೆಗಳ ನಡುವಿನಿಂದ ನೋಡಿದೆವು. 1715ರಲ್ಲಿ ಅದನ್ನು ನಗರಸಭೆಯ ಗೋಡೆಗೆ ಹೊಂದಿಸಲು ಸುತ್ತ ಕತ್ತರಿಸಿದರಂತೆ. ಸಂಕಟವಾಯಿತು.

ಸಂಜೆ ಮನೆಗೆ ಹೋಗುವ ಟ್ರಾಮಿನಲ್ಲಿ ಪುಟ್ಟಿಯ ಟ್ಯಾಬ್‌ನಲ್ಲಿ ಹೋರ್ಟಸ್ ಮಲಬಾರಿಕಸ್ ತೆಗೆದೆವು. 1678ರಿಂದ 1693ರವರೆಗೆ ಇದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ ಹನ್ನೆರಡು ಸಂಪುಟ, ಮಲಬಾರಿನ 700ಕ್ಕೂ ಹೆಚ್ಚು ಗಿಡಗಳು. ಮಾಡಿಸಿದವನು ಕೊಚ್ಚಿಯ ಡಚ್ ಕಮಾಂಡರ್ ವಾನ್ ರೀಡ್. ಗಿಡ ಗುರುತಿಸಿ, ಔಷಧಿ ಗುಣ ಹೇಳಿದವರು ಊರಿನವರು. ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಮಾತಾಡುವ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. 1675ರಲ್ಲಿ ಅವರು ಬರೆದುಕೊಟ್ಟ ಹೇಳಿಕೆಗಳನ್ನು ಮೊದಲ ಸಂಪುಟದಲ್ಲಿ ಅವರವರ ಲಿಪಿಯಲ್ಲೇ ಅಚ್ಚು ಹಾಕಿದ್ದಾರೆ. ಕೊಂಕಣಿಯದು ನಾಗರಿಯಲ್ಲಿ. ಮೊದಲ ಚಿತ್ರ ತೆಂಗಿನ ಮರ. ಹೆಸರು ರೋಮನ್ ಅಕ್ಷರದಲ್ಲಿ 'ತೆಂಗ' ಎಂದೇ ಇದೆ.

"ಇದು ನಮ್ಮ ತೆಂಗೇ!" ಅಂದಳು ಪುಟ್ಟಿ.

ಕೊಚ್ಚಿಯನ್ನು ಕೋವಿ ಹಿಡಿದು ಗೆದ್ದ ಕಂಪನಿಯೇ ಈ ಕೆಲಸವನ್ನೂ ಮಾಡಿಸಿತು, ಎರಡೂ ನಿಜ. ಆದರೆ ಹೇಳಿಕೊಟ್ಟವರ ಹೆಸರು, ಜಾತಿ, ಊರು, ಲಿಪಿ ಸಮೇತ ಪುಸ್ತಕದ ಮುಂದೆಯೇ ಇರುವುದು ಆ ಕಾಲಕ್ಕೆ ಬಹಳ ಅಪರೂಪ. ಸಂಪುಟಗಳ ಸ್ಕ್ಯಾನ್ ಪ್ರತಿ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕರಾವಳಿ, ಮಲೆನಾಡಿನ ಶಾಲೆಗಳಲ್ಲಿ ಪಾಠ ಮಾಡುವವರು ಮೊದಲ ಸಂಪುಟದಿಂದ ಶುರು ಮಾಡಿ. ಅಲ್ಲಿರುವ ಅರ್ಧಕ್ಕರ್ಧ ಗಿಡಗಳನ್ನು ಮಕ್ಕಳೇ ಗುರುತಿಸುತ್ತಾರೆ.